ವಿಜಯಪುರದ ಬೋರ್ಡಿಲ್ಲದ ಇಂಗ್ಲಿಷ್ ಕ್ಲಾಸು: ಕೌಂಟ್, ನಾನ್‌ಕೌಂಟ್ ತಲೆಗೆ ಹತ್ತದವರು ಇಲ್ಲಿಗೆ ಹೋಗಿ

ವಿಜಯಪುರದ ಜಲನಗರದ ಕಡೆ ಒಂದು ಮನೆಯಲ್ಲಿ ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಗ್ರಾಮರ್ ಕ್ಲಾಸು ನಡೆಯುತ್ತದೆ. ಹೊರಗೆ ಬೋರ್ಡಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ನಡೆಸುತ್ತಾರೆ. ತಮ್ಮ ಹೆಸರು, ಫೋನ್ ನಂಬರ್ ಇಂಟರ್ನೆಟ್ಟಿನಲ್ಲಿ ಬರುವುದು ಅವರಿಗೆ ಬೇಡ. ಹಾಗಾಗಿ ನಾನೂ ಹಾಕುತ್ತಿಲ್ಲ. ಆ ಕಡೆಯ ಝೆರಾಕ್ಸ್ ಅಂಗಡಿಗಳಲ್ಲಿ ಕೇಳಿದರೆ ಮನೆ ತೋರಿಸುತ್ತಾರೆ. ತಿಂಗಳಿಗೊಂದು ವಿಷಯ, ತಿಂಗಳಿಗೆ 600 ರೂಪಾಯಿ. ನಾನು ಕೂತದ್ದು ಕೌಂಟ್ ನೌನ್, ನಾನ್‌ಕೌಂಟ್ ನೌನ್ ತಿಂಗಳಿಗೆ. ಇಂಗ್ಲಿಷಿನಲ್ಲಿ ಒಂದು, ಎರಡು ಅಂತ ಎಣಿಸುವ ನಾಮಪದ ಕೌಂಟ್, ಹಾಗೆ ಎಣಿಸದ ನಾಮಪದ ನಾನ್‌ಕೌಂಟ್. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ.

ನನಗೆ ಇದು ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ನಾನು ಒಣದ್ರಾಕ್ಷಿ ವ್ಯಾಪಾರದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ತಿಕೋಟಾ, ಬಬಲೇಶ್ವರ ಕಡೆಯ ಶೆಡ್ಡುಗಳಲ್ಲಿ ಒಣಗಿದ ಮಾಲು ನಮ್ಮಲ್ಲಿಗೆ ಬರುತ್ತದೆ. ಗ್ರೇಡಿಂಗ್ ಆಗಿ 15 ಕೆಜಿ ಬಾಕ್ಸಿನಲ್ಲಿ ಹೊರಗೆ ಹೋಗುತ್ತದೆ. ಕೊಟೇಷನ್, ಪ್ಯಾಕಿಂಗ್ ಲಿಸ್ಟು, ಪಾರ್ಟಿಗಳಿಗೆ ಇಮೇಲು, ಇವೆಲ್ಲ ನನ್ನ ಟೇಬಲ್ಲಿನಿಂದಲೇ ಹೋಗುವುದು. ಹೊರರಾಜ್ಯದ ಪಾರ್ಟಿಗಳಿಗೆ ಕನ್ನಡ ಬರುವುದಿಲ್ಲ. ಹಾಗಾಗಿ ಎಲ್ಲ ಇಂಗ್ಲಿಷಿನಲ್ಲೇ. ಒಂದು ಪದಕ್ಕೆ 'ಎಸ್' ಹಚ್ಚಬೇಕೋ ಬೇಡವೋ ಅನ್ನುವುದು ನಮ್ಮ ಕೆಲಸದಲ್ಲಿ ದಿನಾ ಬರುವ ಪ್ರಶ್ನೆ.

ಇದಕ್ಕೆ ಮೊದಲು ಊರಿನ ಒಂದು ದೊಡ್ಡ ಕೋಚಿಂಗ್ ಸೆಂಟರಿಗೆ ಸೇರಿದ್ದೆ. ಎಸಿ ಹಾಲು, ಪ್ರೊಜೆಕ್ಟರು, ಬಣ್ಣದ ಪುಸ್ತಕ. ಅಲ್ಲಿ ಈ ಪಾಠ ಒಂದೇ ತಾಸಿನಲ್ಲಿ ಮುಗಿಯಿತು. ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು ಕೌಂಟ್. ಕಾಣದ್ದು, ಸಿಗದ್ದು ನಾನ್‌ಕೌಂಟ್. ಇಷ್ಟೇ ನಿಯಮ. ಆಮೇಲೆ ಉದ್ದನೆಯ ಒಂದು ಲಿಸ್ಟು ಕೊಟ್ಟು ಬಾಯಿಪಾಠ ಮಾಡಿ ಅಂದರು. ಆ ನಿಯಮ ಎರಡು ಪದಕ್ಕೇ ಬಿದ್ದು ಹೋಗುತ್ತದೆ. 'ಫರ್ನಿಚರ್' ಕಣ್ಣಿಗೆ ಕಾಣುತ್ತದೆ, ಕಾಲಿಗೆ ಬಡಿಯುತ್ತದೆ. ಆದರೂ ಇಂಗ್ಲಿಷಿನಲ್ಲಿ 'ಫರ್ನಿಚರ್ಸ್' ಇಲ್ಲ. 'ಐಡಿಯಾ' ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ 'ಟೂ ಐಡಿಯಾಸ್' ಸರಿ. ಇದನ್ನು ಕೇಳಿದರೆ "ಅದು ಎಕ್ಸೆಪ್ಷನ್" ಅಂದರು. ಮತ್ತೆ ಕೇಳಿದರೆ ಅದೂ ಎಕ್ಸೆಪ್ಷನ್. ಲಿಸ್ಟಿನ ಅರ್ಧ ಎಕ್ಸೆಪ್ಷನ್ ಆದಮೇಲೆ ನಿಯಮ ಯಾಕೆ ಬೇಕು ಹೇಳಿ. ಕಟ್ಟಿದ ಫೀ ವಾಪಸ್ ಬರಲಿಲ್ಲ.

ಈ ಮೇಡಂ ಶುರು ಮಾಡುವ ರೀತಿಯೇ ಬೇರೆ. ಮೊದಲ ದಿನ ಹೋದಾಗ ಟೇಬಲ್ ಮೇಲೆ ಸ್ಟೀಲ್ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದರಲ್ಲಿ ಬಿಳಿಜೋಳ, ಒಂದರಲ್ಲಿ ಒಣದ್ರಾಕ್ಷಿ, ಒಂದರಲ್ಲಿ ಮಸೂರು, ಒಂದರಲ್ಲಿ ಸಕ್ಕರೆ. ಪಕ್ಕದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಗಡ್ಡೆ, ಒಂದು ಬ್ರೆಡ್ಡು, ನಾಲ್ಕೈದು ಚಾಕ್. "ಎಣಸ್ರಿ ನೋಡೋಣು" ಅಂದರು. ಎಲ್ಲರೂ ಸಲೀಸಾಗಿ ಉಳ್ಳಾಗಡ್ಡಿ ಎಣಿಸಿದರು, ಬೆಳ್ಳುಳ್ಳಿ ಎಣಿಸಿದರು. ಮೇಡಂ ಆಗ ಬೋರ್ಡಿನ ಮೇಲೆ ಬರೆದರು: 'ಆನಿಯನ್' ಕೌಂಟ್, 'ಗಾರ್ಲಿಕ್' ನಾನ್‌ಕೌಂಟ್. ಎರಡೂ ಗಡ್ಡೆಯೇ, ಎರಡೂ ಒಂದೇ ಬುಟ್ಟಿಯಲ್ಲಿ ಬರುವಂಥವು. ಆದರೆ ಇಂಗ್ಲಿಷಿನವರು 'ತ್ರೀ ಆನಿಯನ್ಸ್' ಅನ್ನುತ್ತಾರೆ. 'ತ್ರೀ ಗಾರ್ಲಿಕ್ಸ್' ಅನ್ನುವುದಿಲ್ಲ. ಗಡ್ಡೆ ಬೇಕಿದ್ದರೆ 'ಎ ಹೆಡ್ ಆಫ್ ಗಾರ್ಲಿಕ್'. ಎಸಳು ಬೇಕಿದ್ದರೆ 'ಎ ಕ್ಲೋವ್ ಆಫ್ ಗಾರ್ಲಿಕ್'.

ಕೋಣೆ ಸುಮ್ಮನಾಯಿತು. ಅಲ್ಲಿಗೆ 'ಕಣ್ಣಿಗೆ ಕಾಣುವುದು ಕೌಂಟ್' ಅನ್ನುವ ಮಾತು ಮುಗಿದೇ ಹೋಯಿತು ಅಲ್ವಾ.

ಆಮೇಲೆ ಧಾನ್ಯಕ್ಕೆ ಬಂದರು. ಕಾಳು ಸಣ್ಣದಿದ್ದರೆ ನಾನ್‌ಕೌಂಟ್ ಇರಬಹುದು ಅಂತ ಒಬ್ಬ ಹುಡುಗ ಹೇಳಿದ. ಒಳ್ಳೆಯ ಊಹೆ. ಮೇಡಂ ಅವನ ಕೈಗೆ ಎರಡು ಕಾಳು ಮಸೂರು, ಎರಡು ಕಾಳು ಗೋಧಿ ಕೊಟ್ಟರು. ಗಾತ್ರದಲ್ಲಿ ಏನು ದೊಡ್ಡ ಫರಕು ಇದೆ? ಆದರೆ ಮಸೂರು 'ಲೆಂಟಿಲ್ಸ್', ಕೌಂಟ್. ಗೋಧಿ 'ವೀಟ್', ನಾನ್‌ಕೌಂಟ್. ಓಟ್ಸು ಬಹುವಚನದಲ್ಲೇ ಬರುತ್ತದೆ. ಅಕ್ಕಿ, ಮೆಕ್ಕೆಜೋಳ, ಸಕ್ಕರೆ, ಬೆಲ್ಲ ನಾನ್‌ಕೌಂಟ್. ಶೇಂಗಾ ಮತ್ತು ನಮ್ಮ ಒಣದ್ರಾಕ್ಷಿ ಕೌಂಟ್. ಹಾಗಾಗಿ 'ಮೆನಿ ರೇಸಿನ್ಸ್', ಆದರೆ 'ಮಚ್ ವೀಟ್'. ಜೋಳ ಕಾಳುಕಾಳಾಗಿಯೇ ಇದ್ದರೂ ಇಂಗ್ಲಿಷ್ ವಾಕ್ಯದಲ್ಲಿ ಅದೂ ಗೋಧಿಯ ಸಾಲಿಗೇ ಸೇರುತ್ತದೆ.

ಇಲ್ಲೇ ಬಟಾಣಿಯ ಕತೆ ಬಂತು. ನನಗೆ ಇಡೀ ತಿಂಗಳಲ್ಲಿ ಅತಿ ಹೆಚ್ಚು ಹಿಡಿಸಿದ್ದು ಅದೇ. ಹಳೆಯ ಇಂಗ್ಲಿಷಿನಲ್ಲಿ ಬಟಾಣಿಗೆ 'ಪೀಸ್' (pease) ಅನ್ನುತ್ತಿದ್ದರು. ಗೋಧಿ, ಜೋಳದ ಹಾಗೆ ಅದು ರಾಶಿಯ ಹೆಸರಾಗಿಯೂ ನಡೆಯುತ್ತಿತ್ತು. ಕೊನೆಯಲ್ಲಿ 'ಸ್' ಸದ್ದು ಇದೆಯಲ್ಲ, ಅದನ್ನು ಕೇಳಿ ಕೇಳಿ ಜನ ಅದು ಬಹುವಚನ ಅಂದುಕೊಂಡರು. ಹಾಗಾದರೆ ಒಂದಕ್ಕೆ 'ಪೀ' ಇರಬೇಕು ಅಂತ 17ನೇ ಶತಮಾನದ ಹೊತ್ತಿಗೆ ಹೊಸ ಪದವನ್ನೇ ಮಾಡಿಕೊಂಡರು. ಇವತ್ತು 'ಒನ್ ಪೀ, ಟೂ ಪೀಸ್' ಪಕ್ಕಾ ಕೌಂಟ್ ನೌನ್. ಬಟಾಣಿ ಕಾಳು ಒಂಚೂರೂ ಬದಲಾಗಿಲ್ಲ. ಮಾತಾಡುವವರ ರೂಢಿ ಬದಲಾಯಿತು, ಅಷ್ಟೇ. ವಸ್ತು ನೋಡಿ ತೀರ್ಮಾನ ಮಾಡಬೇಡಿ, ಆ ಪದವನ್ನು ಇಂಗ್ಲಿಷಿನವರು ವಾಕ್ಯದಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ನೋಡಿ ಅಂತ ಮೇಡಂ ಹೇಳುವುದು ಇದಕ್ಕೇ.

ಹಾಗೆ ನೋಡಲು ಅವರು ಮೂರು ಪ್ರಶ್ನೆ ಕೊಡುತ್ತಾರೆ. ಪದಕ್ಕೆ ಮೊದಲು 'ಎ' ಅಥವಾ 'ಆ್ಯನ್' ಕೂರುತ್ತದೆಯೇ? ಕೊನೆಗೆ 'ಎಸ್' ಬರುತ್ತದೆಯೇ? 'ಮೆನಿ' ಬೇಕೋ 'ಮಚ್' ಬೇಕೋ? ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಸಿ ಪ್ರತಿ ಪದಕ್ಕೂ ತುಂಬಿಸುತ್ತಾರೆ. ಆಮೇಲೆ 'ಫ್ಯೂ' ಮತ್ತು 'ಲಿಟಲ್', 'ಫ್ಯೂವರ್' ಮತ್ತು 'ಲೆಸ್' ಇದೇ ಕಾಲಂಗಳ ಮೇಲೆ ಬಂದು ಕೂರುತ್ತವೆ. 'ಸಮ್', 'ಎನಿ', 'ಎ ಲಾಟ್ ಆಫ್' ಎರಡೂ ಕಡೆ ನಡೆಯುತ್ತವೆ. 'ಮೆನಿ'ಯೋ 'ಮಚ್'ಚೋ ಅಂತ ಅನುಮಾನ ಬಂದಾಗ, ತುರ್ತಾಗಿ ಇಮೇಲು ಕಳಿಸಬೇಕಾದಾಗ 'ಎ ಲಾಟ್ ಆಫ್' ಹಾಕಿ ಪಾರಾಗಬಹುದು ಅನ್ನುವ ಉಪಾಯವನ್ನೂ ಕೊಟ್ಟರು. ಆಫೀಸಿನಲ್ಲಿ ನನಗೆ ಇದು ತುಂಬಾ ಉಪಯೋಗಕ್ಕೆ ಬಂದಿದೆ.

ಕನ್ನಡದವರಿಗೆ ಇದು ಯಾಕೆ ಕಷ್ಟ ಅಂತ ಬಿಡಿಸಿ ಹೇಳಿದ ಮೊದಲ ಟೀಚರ್ ಇವರೇ. 'ಎಷ್ಟು ಬಾಕ್ಸು', 'ಎಷ್ಟು ನೀರು', ನಮಗೆ ಎರಡಕ್ಕೂ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಬಾಯಿ ತೆಗೆಯುವ ಮೊದಲೇ 'ಹೌ ಮೆನಿ'ಯೋ 'ಹೌ ಮಚ್ಚೋ' ಅಂತ ತೀರ್ಮಾನ ಆಗಿರಬೇಕು. 'ನಾಲ್ಕು ಬಾಕ್ಸ್ ಕಳಿಸು' ಅಂದರೆ ನಮ್ಮಲ್ಲಿ ಮಾತು ಪೂರ್ತಿ. ಮನುಷ್ಯರನ್ನು ಬಿಟ್ಟು ಉಳಿದದ್ದಕ್ಕೆ 'ಗಳು' ಹಚ್ಚದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಅಂದ ಮೇಲೆ 'ಬಾಕ್ಸಸ್' ಆಗಲೇಬೇಕು. ಇದರಲ್ಲಿ ನಮ್ಮ ದಡ್ಡತನ ಏನಿಲ್ಲ, ನಮ್ಮ ಭಾಷೆಗೆ ಈ ಲೆಕ್ಕದ ಗರಜು ಬಿದ್ದಿಲ್ಲ ಅಂತ ಅವರು ಹೇಳಿದಾಗ ಹಿಂದಿನ ಬೆಂಚಿನವರ ಮುಖ ಕೂಡ ಸಡಿಲಾಯಿತು.

ಡಿಕ್ಷನರಿ ಇಲ್ಲದೆ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ. ಸಾಮಾನ್ಯ ಇಂಗ್ಲಿಷ್-ಕನ್ನಡ ಡಿಕ್ಷನರಿ ನಡೆಯುವುದಿಲ್ಲ. ಇಂಗ್ಲಿಷ್ ಕಲಿಯುವವರಿಗಂತಲೇ ಮಾಡಿದ ಲರ್ನರ್ಸ್ ಡಿಕ್ಷನರಿಯೇ ಬೇಕು. ಅದರಲ್ಲಿ ನಾಮಪದದ ಪಕ್ಕ 'ಸಿ' ಅಥವಾ 'ಯು' ಅಂತ ಗುರುತು ಇರುತ್ತದೆ. 'ಸಿ' ಅಂದರೆ ಕೌಂಟಬಲ್, 'ಯು' ಅಂದರೆ ಅನ್‌ಕೌಂಟಬಲ್. ಕೌಂಟ್, ನಾನ್‌ಕೌಂಟ್ ಅಂದರೂ ಅದೇ. ನನ್ನ ಹತ್ತಿರ ಇಂಥ ಡಿಕ್ಷನರಿ ವರ್ಷಗಳಿಂದ ಇತ್ತು, ಆ ಅಕ್ಷರಗಳು ಯಾಕಿವೆ ಅಂತ ಯಾವ ಶಾಲೆಯಲ್ಲೂ ಹೇಳಿರಲಿಲ್ಲ. ಈ ಗುರುತಿನ ಹಿಂದಿನ ಕತೆಯನ್ನೂ ಮೇಡಂ ಹೇಳಿದರು. ಎ.ಎಸ್. ಹಾರ್ನ್‌ಬಿ ಅನ್ನುವವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರು ಇಬ್ಬರು ಜೊತೆಗಾರರೊಂದಿಗೆ ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಅದರಲ್ಲಿ ಯಾವ ಪದ ಎಣಿಸಬಹುದು, ಯಾವುದು ಇಲ್ಲ ಅಂತ ಗುರುತು ಹಾಕಿದ್ದರು. ಅದನ್ನೇ ಮುಂದೆ 1948ರಲ್ಲಿ ಆಕ್ಸ್‌ಫರ್ಡ್‌ನವರು ತಂದರು. ಜಪಾನಿ ಭಾಷೆಯಲ್ಲೂ ನಾಮಪದಕ್ಕೆ ಬಹುವಚನ ಕಡ್ಡಾಯವಲ್ಲ. ನಮ್ಮಂಥ ತೊಡಕೇ ಇದ್ದ ವಿದ್ಯಾರ್ಥಿಗಳಿಗೆ ಕಲಿಸಿದವರ ಡಿಕ್ಷನರಿ ಅದು. ಅದಕ್ಕೇ ನಮಗೂ ಕೆಲಸಕ್ಕೆ ಬರುತ್ತದೆ.

ಎರಡನೇ ವಾರ ಫರ್ನಿಚರ್ ಗುಂಪು. ಲಗೇಜ್, ಇಕ್ವಿಪ್‌ಮೆಂಟ್, ಮಷಿನರಿ, ಜ್ಯುವೆಲರಿ, ಸ್ಟೇಷನರಿ. ಕುರ್ಚಿ ಎಣಿಸಬಹುದು, ಟೇಬಲ್ ಎಣಿಸಬಹುದು, ಫರ್ನಿಚರ್ ಎಣಿಸುವಂತಿಲ್ಲ. ಬ್ಯಾಗು ಎಣಿಸಬಹುದು, ಲಗೇಜ್ ಇಲ್ಲ. ರೂಪಾಯಿ ಎಣಿಸಬಹುದು, 'ಮನಿ' ಇಲ್ಲ. ಒಂದೊಂದು ಸಾಮಾನಿಗೆ ಒಂದೊಂದು ಹೆಸರು, ಎಲ್ಲ ಸೇರಿಸಿ ಹೇಳುವ ಹೆಸರು ಬೇರೆ. ಆ ಒಟ್ಟು ಹೆಸರಿಗೆ 'ಎಸ್' ಬೇಡ. ಎಣಿಸಲೇಬೇಕಿದ್ದರೆ 'ಎ ಪೀಸ್ ಆಫ್'. ಚಾಕ್‌ಪೀಸ್‌ಗೂ ಇದೇ ನ್ಯಾಯ. 'ಟೂ ಚಾಕ್ಸ್' ಅಂತ ಶಾಲೆಯಲ್ಲಿ ಕೇಳುತ್ತಿದ್ದೆವಲ್ಲ, ಅದು 'ಟೂ ಪೀಸಸ್ ಆಫ್ ಚಾಕ್' ಆಗಬೇಕು. ಬೇಕರಿಯಲ್ಲಿ ಎರಡು ಬ್ರೆಡ್ ಅಂದರೆ 'ಟೂ ಲೋವ್ಸ್'. ಅಡ್ವೈಸ್, ಇನ್‌ಫರ್ಮೇಷನ್, ಹೋಮ್‌ವರ್ಕ್, ಸೀನರಿ, ಫೀಡ್‌ಬ್ಯಾಕ್ ಇವಕ್ಕೆಲ್ಲ 'ಎಸ್' ಇಲ್ಲ ಅನ್ನುವುದನ್ನು ಬೇಗ ಮುಗಿಸಿದರು. 'ಇನ್‌ಫರ್ಮೇಷನ್' ಮಾತ್ರ ಸ್ವಲ್ಪ ಬಿಡಿಸಿದರು. ಫ್ರೆಂಚಿನಲ್ಲಿ ಇದೇ ಪದ ಬಹುವಚನದಲ್ಲಿ ಬರುತ್ತದಂತೆ. ಅಂದರೆ ಫ್ರಾನ್ಸಿನ ಹುಡುಗರೂ 'ಇನ್‌ಫರ್ಮೇಷನ್ಸ್' ಅಂತ ಬರೆದು ತಿದ್ದಿಸಿಕೊಳ್ಳುತ್ತಾರೆ.

ಮೂರನೇ ವಾರ ನನ್ನ ಕೆಲಸಕ್ಕೆ ನೇರವಾಗಿ ತಾಗಿತು. ಒಂದೇ ಪದ ಎರಡೂ ಕಡೆ ಹೋಗಿ ಅರ್ಥ ಬದಲಿಸುವ ಪಾಠ. 'ಪೇಪರ್' ಅಂದರೆ ಬಿಳಿ ಹಾಳೆಯ ಸರಕು, 'ಎ ಪೇಪರ್' ಅಂದರೆ ದಿನಪತ್ರಿಕೆ, 'ಪೇಪರ್ಸ್' ಅಂದರೆ ಕಾಗದಪತ್ರ. 'ಟೈಮ್' ಹೊತ್ತು, 'ತ್ರೀ ಟೈಮ್ಸ್' ಮೂರು ಸಲ. 'ಎಕ್ಸ್‌ಪೀರಿಯೆನ್ಸ್' ಕೆಲಸದ ಅನುಭವ, 'ಎಕ್ಸ್‌ಪೀರಿಯೆನ್ಸಸ್' ಬದುಕಿನಲ್ಲಿ ಆದ ಘಟನೆಗಳು. ಬಯೋಡೇಟಾ ಬರೆಯುವವರು ಇದನ್ನು ಗಮನಿಸಲೇಬೇಕು.

ವ್ಯಾಪಾರದವರು ಗಮನಿಸಬೇಕಾದ ಪದ 'ಡ್ಯಾಮೇಜ್'. ಟ್ರಕ್ಕಿನಲ್ಲಿ ಬಾಕ್ಸು ಒದ್ದೆಯಾಗಿ ಮಾಲು ಕೆಟ್ಟಿದೆ ಅಂದುಕೊಳ್ಳಿ. ಆ ಹಾನಿ 'ಡ್ಯಾಮೇಜ್', ನಾನ್‌ಕೌಂಟ್. ಹಾನಿ ಎಷ್ಟೇ ಬಾಕ್ಸಿಗೆ ಆಗಿರಲಿ, 'ಡ್ಯಾಮೇಜ್ ಟು ಟ್ವೆಲ್ವ್ ಬಾಕ್ಸಸ್' ಅಂತಲೇ ಬರೆಯಬೇಕು. 'ಡ್ಯಾಮೇಜಸ್' ಅಂದರೆ ಕೋರ್ಟು ಕೊಡಿಸುವ ಪರಿಹಾರದ ದುಡ್ಡು. ಬಾಕ್ಸು ಹರಿದಿದೆ ಅಂತ ತಿಳಿಸಲು ಬರೆದ ಇಮೇಲಿನಲ್ಲಿ 'ವಿ ಕ್ಲೇಮ್ ಡ್ಯಾಮೇಜಸ್' ಅಂತ ಹೋದರೆ ಆ ಕಡೆಯವರು ವಕೀಲರಿಗೆ ಫೋನ್ ಮಾಡುತ್ತಾರೆ. ಒಂದು 'ಎಸ್' ಎಷ್ಟು ದೂರ ಹೋಗುತ್ತದೆ ನೋಡಿ. ಇದನ್ನು ಎಪಿಎಂಸಿ ಯಾರ್ಡಿನ ಪ್ರತಿ ಆಫೀಸಿನಲ್ಲೂ ಗೋಡೆಗೆ ಹಚ್ಚಬೇಕು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ. ಹಾಗೇ 'ಗೂಡ್ಸ್' ಯಾವಾಗಲೂ ಬಹುವಚನ, 'ಪ್ಯಾಕೇಜಿಂಗ್' ನಾನ್‌ಕೌಂಟ್, 'ಪ್ಯಾಕೇಜ್' ಕೌಂಟ್. 'ಮೇಲ್' ಅಂದರೆ ಅಂಚೆ, ಅದು ನಾನ್‌ಕೌಂಟ್. ಆದರೆ 'ಇಮೇಲ್' ಈಗ ಧಾರಾಳವಾಗಿ ಕೌಂಟ್ ಆಗಿದೆ, 'ಟೂ ಇಮೇಲ್ಸ್' ಸರಿ. ತೂಕ, ದುಡ್ಡು ಒಟ್ಟಾಗಿ ಹೇಳುವಾಗ ಕ್ರಿಯಾಪದ ಏಕವಚನ: 'ಫಿಫ್ಟೀನ್ ಕಿಲೋಸ್ ಈಸ್ ಎನಫ್'.

ಅದೇ ವಾರ ಮಾದರಿಗೆ ಅವರು ತೆಗೆದುಕೊಂಡದ್ದು ಚಟ್ನಿ. ತಟ್ಟೆಯಲ್ಲಿ ಬಡಿಸುವ ಚಟ್ನಿ ನಾನ್‌ಕೌಂಟ್, 'ಸಮ್ ಚಟ್ನಿ'. ಆದರೆ ಶೇಂಗಾ, ಗುರೆಳ್ಳು, ಅಗಸಿ ಅಂತ ಬಗೆ ಹೇಳುವಾಗ 'ತ್ರೀ ಚಟ್ನೀಸ್' ಸರಿ. ಬಗೆಗಳನ್ನು ಎಣಿಸುವಾಗ ನಾನ್‌ಕೌಂಟ್ ಪದವೂ ಕೌಂಟ್ ಆಗುತ್ತದೆ. ಹೋಟೆಲಿನಲ್ಲಿ 'ಟೂ ಟೀಸ್' ಅಂದರೆ ಎರಡು ಕಪ್ಪು ಚಹಾ, ಅದೂ ಸರಿ. ರೊಟ್ಟಿ ಮಾತ್ರ 'ರೊಟ್ಟೀಸ್' ಅಂತ ಧೈರ್ಯವಾಗಿ ಎಣಿಸಿ, ಬ್ರೆಡ್ಡಿನ ಕಷ್ಟ ಅದಕ್ಕಿಲ್ಲ ಅಂದರು.

ನಮ್ಮ ಬ್ಯಾಚಿನಲ್ಲಿ ಗೋಳಗುಮ್ಮಟದಲ್ಲಿ ಗೈಡ್ ಕೆಲಸ ಮಾಡುವವರೊಬ್ಬರಿದ್ದರು. ಅವರ ಪದಗಳನ್ನೇ ತೆಗೆದುಕೊಂಡು ಮೇಡಂ ಅರ್ಧ ತಾಸು ಕಳೆದರು. 'ಎಕೋ' ಕೌಂಟ್, 'ಎಕೋಸ್' ಅನ್ನಬಹುದು. 'ಆರ್ಕಿಟೆಕ್ಚರ್' ಹಾಗಲ್ಲ, ಆದಿಲ್‌ಶಾಹಿ ಕಟ್ಟಡ ಎಷ್ಟೇ ತೋರಿಸಿದರೂ 'ಆರ್ಕಿಟೆಕ್ಚರ್' ಅಂತಲೇ ಹೇಳಬೇಕು, ಎಣಿಸಲು 'ಬಿಲ್ಡಿಂಗ್ಸ್', 'ಮಾನ್ಯುಮೆಂಟ್ಸ್' ಇವೆ. 'ಸ್ಟೋನ್' ಎರಡೂ ಕಡೆ ಬರುತ್ತದೆ. ಗೋಳಗುಮ್ಮಟದ ಗೋಡೆ ಕಟ್ಟಿದ್ದು 'ಸ್ಟೋನ್'ನಿಂದ. ಕೆಳಗೆ ಬಿದ್ದದ್ದನ್ನು ಎಣಿಸುವಾಗ 'ಸ್ಟೋನ್ಸ್'. ಹೀಗೆ ಒಬ್ಬೊಬ್ಬರ ಕಸುಬು ಕೇಳಿ ಅದರಿಂದಲೇ ಪದ ಎತ್ತಿಕೊಳ್ಳುವುದು ಈ ಕ್ಲಾಸಿನ ದೊಡ್ಡ ಗುಣ. ನರ್ಸಿಂಗ್ ಓದುವ ಹುಡುಗಿಗೆ ಬ್ಲಡ್, ಮೆಡಿಸಿನ್, ಟ್ಯಾಬ್ಲೆಟ್. ಬಟ್ಟೆ ಅಂಗಡಿಯವರಿಗೆ ಕ್ಲಾತ್ ಮತ್ತು ಕ್ಲೋತ್ಸ್.

ಈಗ ಕೊರತೆಗಳು. ಜಾಗ ತುಂಬಾ ಇಕ್ಕಟ್ಟು. ಪಡಸಾಲೆಯಲ್ಲಿ ಮೂರು ಬೆಂಚು, ತಡವಾಗಿ ಬಂದವರು ಚಾಪೆ ಮೇಲೆ. ಬೇಸಿಗೆಯಲ್ಲಿ ಒಂದೇ ಫ್ಯಾನಿನಲ್ಲಿ ಎರಡು ತಾಸು ಕೂರುವುದು ಕಷ್ಟ, ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ. ಅಚ್ಚಾದ ನೋಟ್ಸ್ ಇಲ್ಲ, ಎಲ್ಲ ಬೋರ್ಡಿನಿಂದ ಬರೆದುಕೊಳ್ಳಬೇಕು. ಒಂದು ದಿನ ತಪ್ಪಿದರೆ ಪಕ್ಕದವರ ಪುಸ್ತಕದ ಫೋಟೋ ಹೊಡೆದುಕೊಳ್ಳುವುದೇ ದಾರಿ. ಬ್ಯಾಂಕು, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗರಿಗೆ ಈ ನಡಿಗೆ ನಿಧಾನ ಅನ್ನಿಸುತ್ತದೆ. ಅವರಿಗೆ ಬೇಕಾದ ತಪ್ಪು ಹುಡುಕುವ ಅಭ್ಯಾಸ ಕೊನೆಯ ವಾರ ಮಾತ್ರ ಇತ್ತು, ಅದೂ ಗಡಿಬಿಡಿಯಲ್ಲಿ. 'ಪೊಲೀಸ್', 'ಕ್ಯಾಟಲ್' ಬಹುವಚನ, 'ನ್ಯೂಸ್' ಏಕವಚನ, 'ಸಿಸರ್ಸ್', 'ಟ್ರೌಸರ್ಸ್' ಯಾವಾಗಲೂ ಜೋಡಿ, ಇಂಥವಕ್ಕೆ ಇನ್ನೊಂದು ದಿನ ಕೊಡಬೇಕಿತ್ತು. ಪರೀಕ್ಷೆಗಳಲ್ಲಿ ಇವನ್ನೇ ಜಾಸ್ತಿ ಕೇಳುತ್ತಾರೆ.

ನನಗೆ ಇನ್ನೂ ದೊಡ್ಡ ಕೊರತೆ ಅನ್ನಿಸಿದ್ದು ಬರವಣಿಗೆ. ಪದಗಳ ಕಾಲಂ ತುಂಬಿಸುವುದು ಬೇಕಾದಷ್ಟಾಯಿತು. ಪೂರ್ತಿ ಒಂದು ಪತ್ರ, ಒಂದು ಪ್ಯಾರಾ ಬರೆಸಿ ತಿದ್ದಿದ್ದು ಕಡಿಮೆ. ಒಂದೊಂದು ವಾಕ್ಯದಲ್ಲಿ ಸರಿಯಾಗಿ ಬರೆಯುವವರು ಹತ್ತು ಸಾಲಿನ ಇಮೇಲಿನಲ್ಲಿ ಮತ್ತೆ 'ಇನ್‌ಫರ್ಮೇಷನ್ಸ್'ಗೆ ಜಾರುತ್ತಾರೆ. ಇದನ್ನು ಮೇಡಂಗೇ ಹೇಳಿದ್ದೇನೆ. ಒಪ್ಪಿಕೊಂಡರು, ಮುಂದಿನ ಬ್ಯಾಚಿನಿಂದ ವಾರಕ್ಕೊಂದು ಪತ್ರ ಬರೆಸುತ್ತೇನೆ ಅಂದಿದ್ದಾರೆ.

ಯಾರು ಹೋಗಬಹುದು? ಇಂಗ್ಲಿಷ್ ಓದಲು ಬಂದು, ಬರೆಯಲು ಅಂಜುವವರಿಗೆ ಇದು ತಕ್ಕ ಕ್ಲಾಸು. ಎಬಿಸಿಡಿಯಿಂದ ಶುರು ಮಾಡುವವರಿಗೆ ಅಲ್ಲ. ಸ್ಪೋಕನ್ ಇಂಗ್ಲಿಷ್ ಬೇಕು ಅನ್ನುವವರಿಗೂ ಅಲ್ಲ, ಇಲ್ಲಿ ಪಾಠ ಮುಕ್ಕಾಲು ಕನ್ನಡದಲ್ಲೇ ನಡೆಯುತ್ತದೆ. ಆ ಕನ್ನಡ ನನಗಂತೂ ವರವಾಯಿತು.

ಲರ್ನರ್ಸ್ ಡಿಕ್ಷನರಿ ಮೊದಲೇ ಕೊಂಡುಕೊಂಡು ಹೋಗಿ. ಹಳೆಯ ಪ್ರತಿಯಾದರೂ ಸಾಕು, 'ಸಿ' ಮತ್ತು 'ಯು' ಗುರುತು ಇರಬೇಕು, ಅಷ್ಟೇ. ಭಾನುವಾರದ ಬ್ಯಾಚು ಬೇಗ ತುಂಬುತ್ತದೆ, ಹತ್ತು ನಿಮಿಷ ಮುಂಚೆ ಹೋದರೆ ಬೆಂಚು ಸಿಗುತ್ತದೆ. ಮುಂದಿನ ತಿಂಗಳು 'ಎ', 'ಆ್ಯನ್', 'ದ' ಶುರುವಾಗುತ್ತದೆ. ನಾನು ಹೆಸರು ಕೊಟ್ಟಾಗಿದೆ. ಹೊಸದಾಗಿ ಸೇರುವವರು ನೇರವಾಗಿ ಅದಕ್ಕೆ ಹೋಗಬೇಡಿ, ಕೌಂಟ್ ಯಾವುದು ನಾನ್‌ಕೌಂಟ್ ಯಾವುದು ತಿಳಿಯದೆ 'ಎ' ಎಲ್ಲಿ ಹಾಕಬೇಕು ಅನ್ನುವುದು ತಿಳಿಯುವುದಿಲ್ಲ. ಈ ವಿಷಯ ಮತ್ತೆ ಜೂನ್ ತಿಂಗಳಲ್ಲಿ ಇದೆಯಂತೆ.